ಸೋಲೂರಿನ ದಾರಿ, ಮಾತಿಲ್ಲದ ವಿಮಾನ

ಬೆಂಗಳೂರಿನಿಂದ ಹಾಸನ, ಮಂಗಳೂರಿನ ಕಡೆ ಹೊರಟವರಿಗೆ ಸೋಲೂರು ಎಂದರೆ ನೆಲಮಂಗಲ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಒಂದು ಊರು. ರಾಜಧಾನಿಯಿಂದ ಸುಮಾರು 45 ಕಿ.ಮೀ. ಮಾಗಡಿ ಸೀಮೆಯ ಹೋಬಳಿಯಾಗಿ ಬೆಳೆದ ಈ ಊರಿನ ಬೋರ್ಡಿನಲ್ಲಿ ಜಿಲ್ಲೆಯ ಹೆಸರು ಬದಲಾಗುತ್ತಲೇ ಬಂದಿದೆ: ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ. ಹೆದ್ದಾರಿಯ ನಂಬರೂ 48 ಹೋಗಿ 75 ಆಯಿತು. 2017ರಲ್ಲಿ ಹಾಸನದ ನೇರ ರೈಲು ದಾರಿ ಬಂತು. ಬದಲಾಗದೆ ಉಳಿದದ್ದು ಒಂದೇ. ಬೆಳಗಿನ ಬಸ್ಸುಗಳಲ್ಲಿ ಹುಡುಗರು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಪೀಣ್ಯದಲ್ಲೋ ಯಶವಂತಪುರದಲ್ಲೋ ಇಳಿಯುತ್ತಾರೆ.

ಹೀಗೆ ಇಳಿದವನೊಬ್ಬನ ಕಥೆಯನ್ನು ಒಂದೂ ಮಾತಿಲ್ಲದೆ ಹೇಳಿದ ಚಿತ್ರ ‘ಪುಷ್ಪಕ ವಿಮಾನ’. 1987ರ ನವೆಂಬರಿನಲ್ಲಿ ತೆರೆಕಂಡ ಇದನ್ನು ‘ಹಾಲು ಜೇನು’, ‘ಶ್ರಾವಣ ಬಂತು’ ಚಿತ್ರಗಳ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದರು, ಶೃಂಗಾರ್ ನಾಗರಾಜ್ ನಿರ್ಮಿಸಿದರು. ಕಮಲಹಾಸನ್ ಕೆಲಸವಿಲ್ಲದ ಪದವೀಧರ. ಅಮಲಾ ಜಾದೂಗಾರನ ಮಗಳು. ಹೋಟೆಲಿನ ದೃಶ್ಯಗಳಿಗೆ ಬೆಂಗಳೂರಿನ ವಿಂಡ್ಸರ್ ಮ್ಯಾನರ್. ಚಾಪ್ಲಿನ್ 1936ರಲ್ಲಿ ‘ಮಾಡರ್ನ್ ಟೈಮ್ಸ್’ ಮಾಡುವ ಹೊತ್ತಿಗೆ ಜಗತ್ತೆಲ್ಲ ಟಾಕಿಗಳಿಗೆ ಒಲಿದಿತ್ತು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ ಮಾತಿಲ್ಲದ ಹಾಸ್ಯವನ್ನು ಯಾರು ನೋಡಿಯಾರು? ಬೆಂಗಳೂರಿನಲ್ಲಿ ಅದು 35 ವಾರ ಓಡಿತು. ಸ್ವಸ್ಥ ಮನರಂಜನೆಯ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ತಮಿಳಿನಲ್ಲಿ ಇದಕ್ಕೆ ‘ಪೇಸುಂ ಪಡಂ’ ಎಂದು ಹೆಸರು. ಎಂದರೆ ಮಾತಾಡುವ ಚಿತ್ರ! ಹೆಸರಿಟ್ಟವರ ತುಂಟತನ ಮೆಚ್ಚಬೇಕು.

ಸೋಲೂರಿನ ಸೀಮೆಗೆ ಮಾತಿನ ಸಿನಿಮಾ ಹೊಸದೇನಲ್ಲ. ಇತ್ತ ರಾಮನಗರದ ರಾಮದೇವರ ಬೆಟ್ಟದಲ್ಲೇ ‘ಶೋಲೆ’ ತಯಾರಾದದ್ದು. 1975ರಲ್ಲಿ ಬಂದ ಆ ಚಿತ್ರದ ಸಂಭಾಷಣೆಗಳು ರೆಕಾರ್ಡಾಗಿ ಮಾರಾಟವಾದವು. ಗಬ್ಬರ್ ಸಿಂಗ್ ಬಾಯಿ ತೆರೆಯುವ ಮೊದಲೇ ಗಾಂಧಿ ಕ್ಲಾಸಿನವರು ಮಾತು ಮುಗಿಸಿಬಿಡುತ್ತಿದ್ದರು. ‘ಪುಷ್ಪಕ ವಿಮಾನ’ದಲ್ಲಿ ಹಾಗೆ ಬಾಯಿಪಾಠ ಮಾಡಲು ಏನೂ ಇಲ್ಲ. ಮಾತನ್ನೆಲ್ಲ ನೋಡುವವರೇ ಆಡಬೇಕು.

ನಮ್ಮ ಹೋಬಳಿ ಊರುಗಳ ನೋಡುಗರಿಗೆ ಆ ವಿದ್ಯೆ ಬರುತ್ತಿತ್ತು. ಟೆಂಟ್ ಸಿನಿಮಾ ನೋಡಿದವರು ನೆನಪಿಸಿಕೊಳ್ಳಲಿ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಇರುವುದು ಒಂದೇ ಪ್ರೊಜೆಕ್ಟರ್. ರೀಲು ಬದಲಾಯಿಸುವಾಗೆಲ್ಲ ದೀಪ ಹತ್ತಬೇಕು, ಆ ಬಿಡುವಿನಲ್ಲಿ ನಡೆದ ಕಥೆಯ ವಿಚಾರಣೆಯೂ ಆಗಬೇಕು. ಒಡಕು ಸ್ಪೀಕರು, ಹೊರಗೆ ಜನರೇಟರು, ಮಳೆಗಾಲದಲ್ಲಿ ತಗಡಿನ ಮೇಲೆ ಬೀಳುವ ಹನಿ. ಮಾತಿನ ಚಿತ್ರದ ಅರ್ಧ ಸಂಭಾಷಣೆ ಇವುಗಳಲ್ಲೇ ಕರಗಿಹೋಗುತ್ತಿತ್ತು. ‘ಪುಷ್ಪಕ ವಿಮಾನ’ದಂಥ ಚಿತ್ರಕ್ಕೆ ಆ ನಷ್ಟವಿಲ್ಲ. ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಆಡುವವರು ಒಟ್ಟಿಗೆ ಕುಳಿತು ಒಂದೇ ಗಳಿಗೆಯಲ್ಲಿ ನಗಬಹುದು. ಬಾಡಿಗೆ ಕೊಲೆಗಾರ ಟೀನು ಆನಂದ್ ಮಂಜುಗಡ್ಡೆಯ ಚೂರಿ ಎತ್ತಿದಾಗ ‘ಹಿಂದೆ ನೋಡೋ’ ಎಂದು ಕೂಗುವವನಿಗೆ ಅಡ್ಡಬರುವ ಸಂಭಾಷಣೆಯೂ ಇಲ್ಲ. ಚೂರಿ ಕರಗಿ ನೀರಾಗುತ್ತಿದ್ದರೆ ಆ ಭಯವೇ ನಗೆಯಾಗುತ್ತದೆ.

ಆದರೆ ಈ ಚಿತ್ರದ ನಗೆ ಅಷ್ಟು ಸುಲಭದ್ದಲ್ಲ. ಬೀದಿಯ ಭಿಕ್ಷುಕನೆದುರು ನಾಯಕ ತನ್ನ ದುಡ್ಡು ತೋರಿಸಿ ಜಂಬಪಡುತ್ತಾನೆ. ಭಿಕ್ಷುಕ ಅದಕ್ಕಿಂತ ಹೆಚ್ಚಿನದನ್ನೇ ತೆಗೆದು ತೋರಿಸುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುವ ದೃಶ್ಯ ಅದು. ಮುಂದೆ ಅದೇ ಭಿಕ್ಷುಕ ಸತ್ತಾಗ ಜನ ಹೆಣವನ್ನು ಬಿಟ್ಟು ನೋಟುಗಳಿಗೆ ಮುಗಿಬೀಳುತ್ತಾರೆ. ಮೊದಲು ನಕ್ಕವರ ಬಾಯಿ ಆಗ ತಾನಾಗಿ ಮುಚ್ಚುತ್ತದೆ. ಮಾತಿನ ಚಿತ್ರದಲ್ಲಾದರೆ ಇಲ್ಲಿ ಯಾರಾದರೂ ಒಂದು ಬುದ್ಧಿವಾದ ಹೇಳಿಬಿಡುತ್ತಿದ್ದರು.

ಇನ್ನೊಂದು ದೃಶ್ಯವನ್ನಂತೂ ಊರು ಬಿಟ್ಟು ಬಂದವನೇ ಚೆನ್ನಾಗಿ ಬಲ್ಲ. ನಾಯಕನ ಹಳೆಯ ಕೋಣೆ ಥಿಯೇಟರಿನ ಪಕ್ಕದಲ್ಲೇ. ರಾತ್ರಿಯೆಲ್ಲ ಅದರ ಗದ್ದಲ. ಕುಡಿದು ಬಿದ್ದ ಶ್ರೀಮಂತನೊಬ್ಬನನ್ನು ಅದೇ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಬದಲು ತಾನು ಹೋಟೆಲಿನ ಮೆತ್ತನೆ ಹಾಸಿಗೆಯ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ. ಕೊನೆಗೆ ಆ ಗದ್ದಲವನ್ನೇ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ! ಬೆಂಗಳೂರಿನ ಬಾಡಿಗೆ ಕೋಣೆಯ ಮೊದಲ ರಾತ್ರಿಗಳಲ್ಲಿ ಸೋಲೂರು ಕಡೆಯ ಹುಡುಗನಿಗೂ ನಿದ್ದೆ ಹತ್ತುವುದಿಲ್ಲ. ಅವನಿಗೆ ಬೇಕಾದದ್ದು ಜೀರುಂಡೆಯ ಸದ್ದು, ಹಟ್ಟಿಯಲ್ಲಿ ದನದ ಕೊರಳ ಗಂಟೆ ಅಲುಗಿದ ಸದ್ದು. ತೆರೆಯ ಮೇಲಿನವನು ತನ್ನ ತದ್ವಿರುದ್ಧ ಎಂದು ಅವನು ನಗಬೇಕೋ, ತನ್ನಂತೆಯೇ ಎಂದು ಸುಮ್ಮನಾಗಬೇಕೋ?

ಕೊನೆಯಲ್ಲಿ ಅಮಲಾ ಊರು ಬಿಡುವಾಗ ಗುಲಾಬಿಯೊಂದಿಗೆ ಚೀಟಿಯೊಂದನ್ನು ಎಸೆಯುತ್ತಾಳೆ. ಗಾಳಿಗೆ ಹಾರಿದ ಚೀಟಿ ಚರಂಡಿಯ ಪಾಲು. ಇವನ ಕೈಯಲ್ಲಿ ಹೂವು ಮಾತ್ರ. ವಿಳಾಸ ಹೋಯಿತು. ಮತ್ತೆ ಕೆಲಸದ ಸಾಲಿನಲ್ಲಿ ನಿಲ್ಲುತ್ತಾನೆ. ನಗಿಸಿದ ಚಿತ್ರ ಹೀಗೆ ಮುಗಿದರೆ ಚಪ್ಪಾಳೆ ತಟ್ಟಲೂ ಕೈ ತಡವರಿಸುತ್ತದೆ.

ಈಗ ಟೆಂಟುಗಳಿಲ್ಲ. ಮೆಜೆಸ್ಟಿಕ್‌ನ ಕಪಾಲಿಯಂಥ ದೊಡ್ಡ ಥಿಯೇಟರನ್ನೇ ಕೆಡವಿದ್ದಾಯಿತು. ಸಿನಿಮಾ ಅಂಗೈಯಗಲದ ಫೋನಿಗೆ ಇಳಿದಿದೆ. ಮಾತಿಲ್ಲದ ಚಿತ್ರಕ್ಕೆ ಮಾತಾಗುತ್ತಿದ್ದ ಜನ ಚದುರಿದ್ದಾರೆ. ಒಬ್ಬನೇ ನೋಡುವವನು ‘ಹಿಂದೆ ನೋಡೋ’ ಎಂದು ಯಾರಿಗೆ ಕೂಗಬೇಕು?

ಸಂಜೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಪೀಣ್ಯ ದಾಟುವಷ್ಟರಲ್ಲಿ ತುಂಬಿಹೋಗಿರುತ್ತದೆ. ಕಿಟಕಿಯ ಪಕ್ಕ ಕುಳಿತವನು ಫೋನಿನಲ್ಲಿ ಏನನ್ನೋ ನೋಡಿ ಕಿಸಕ್ಕನೆ ನಕ್ಕರೆ, ಪಕ್ಕದವರು ‘ಏನಪ್ಪಾ ಅದು?’ ಎಂದು ಕತ್ತು ಚಾಚುತ್ತಾರೆ. ಅವನು ನೋಡುತ್ತಿರುವುದು ‘ಪುಷ್ಪಕ ವಿಮಾನ’ವಾದರೆ ಇಯರ್‌ಫೋನ್ ಕಿತ್ತು ಕೊಡಬೇಕಾಗಿಲ್ಲ. ಫೋನನ್ನು ಸ್ವಲ್ಪ ಅತ್ತ ತಿರುಗಿಸಿ ಹಿಡಿದರೆ ಸಾಕು. ಸೋಲೂರು ಬರಲು ಇನ್ನೂ ಸಾಕಷ್ಟು ಹೊತ್ತಿರುತ್ತದೆ.