ಆಗುಂಬೆ ಘಾಟಿಯಲ್ಲಿ ಡ್ಯೂಪ್ ಇಲ್ಲ!

ಹೀರೋ ಸೈಕಲ್ ಹತ್ತಿ ಘಟ್ಟ ಇಳಿದರೆ ನಾವು ಶಿಳ್ಳೆ ಹೊಡೆಯುತ್ತೇವೆ. ತಿರುವಿನಲ್ಲಿ ಅವನ ಬದಲು ಬಿದ್ದು ಮೊಣಕೈ ತರಚಿಕೊಂಡವನು ಯಾರು? ಡ್ಯೂಪ್! ಅವನ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ನಾವು ಥಿಯೇಟರಿನ ಗೇಟು ದಾಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿರುತ್ತೇವೆ. ಈ ಮಾತು ನನಗೆ ನೆನಪಾದದ್ದು ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಆಗುಂಬೆ ಘಾಟಿಯ ಒಂಬತ್ತನೆಯ ತಿರುವಿನ ಮುಂದೆ. ಸೈಕಲ್ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದೆ. ನನ್ನ ಪಾತ್ರ ಮಾಡಲು ಅಲ್ಲಿ ಡ್ಯೂಪ್ ಇರಲಿಲ್ಲ ಸ್ವಾಮಿ!

ಇರಲಿ, ಮೊದಲಿನಿಂದಲೇ ಹೇಳುತ್ತೇನೆ.

ನಮ್ಮ ಮನೆ ಶಿವಮೊಗ್ಗದ ನವುಲೆಯಲ್ಲಿ. ಸವಳಂಗ ರಸ್ತೆ, ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು, ಕ್ರಿಕೆಟ್ ಸ್ಟೇಡಿಯಂ... ಗೊತ್ತಾಯಿತಲ್ಲ? ಅಲ್ಲೇ ಒಂದು ಸೈಕಲ್ ಅಂಗಡಿ. ಅಂಗಡಿಯವರಿಗೆ ವಯಸ್ಸು ನಲವತ್ತು ದಾಟಿದೆ, ಊರಿಗೆಲ್ಲ 'ಅಣ್ಣ'. ವಾರವೆಲ್ಲ ಪಂಕ್ಚರ್ ಹಾಕುತ್ತಾರೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಆಗಾಗ ನಾಲ್ಕೈದು ಜನರನ್ನು ಕಟ್ಟಿಕೊಂಡು ಘಟ್ಟದ ಕಡೆ ಹೊರಡುತ್ತಾರೆ. ದಾರಿ ತೋರಿಸುವವರು, ರಿಪೇರಿ ಮಾಡುವವರು, ಬೈಯುವವರು, ಎಲ್ಲವೂ ಅವರೇ.

ಈ ಪತ್ರಿಕೆಗೆ ಶೂಟಿಂಗ್ ಜಾಗಗಳ ಬಗ್ಗೆ ಬರೆಯಲು ನಾನು ಹೇಗೂ ಆಗುಂಬೆಗೆ ಹೋಗಬೇಕಿತ್ತು. "ಬಸ್ಸಿನಲ್ಲಿ ಯಾಕೋ ಹೋಗ್ತೀಯ, ನಮ್ ಜೊತೆ ಬಾ" ಅಂದರು ಅಣ್ಣ. ನಾನು ಬೇಡ ಅಂದೆ. "ಯಾಕೆ?" ಅಂದರು. ಹೇಳಲಿಲ್ಲ. ಆದರೂ ಹೊರಟೆ. ಯಾಕೆ ಹೊರಟೆ ಎಂದು ಕೇಳಿದರೆ ಇವತ್ತಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ಹತ್ತು ವರ್ಷದ ಹಳೆಯ ರೀಲು

ಆಗ ನಾನು ಎರಡನೇ ಪಿಯುಸಿ. ನನ್ನ ಗೆಳೆಯನೂ ಅಷ್ಟೇ. ಇಬ್ಬರಿಗೂ ಶಂಕರ್‌ನಾಗ್ ಎಂದರೆ ಪ್ರಾಣ. ನಾವು ಹುಟ್ಟುವ ಮೊದಲೇ, 1990ರಲ್ಲಿ, ಹೋಗಿಬಿಟ್ಟಿದ್ದ ಮನುಷ್ಯ, ಆದರೂ ಪ್ರಾಣ. ಅವರು 'ಮಾಲ್ಗುಡಿ ಡೇಸ್' ತೆಗೆದ ಊರು ನೋಡಲೇಬೇಕೆಂದು ಒಂದು ಅಕ್ಟೋಬರಿನಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು, ಯಾರದೋ ಹಳೇ ಸೈಕಲ್ಲನ್ನು ಪ್ರೈವೇಟ್ ಬಸ್ಸಿನ ಟಾಪಿಗೆ ಏರಿಸಿ ಆಗುಂಬೆಗೆ ಹೋದೆವು. ನೋಡಿದೆವು. ಅಷ್ಟಕ್ಕೇ ವಾಪಸ್ ಬರಬಹುದಿತ್ತು. ಬರಲಿಲ್ಲ. ಅವನನ್ನು ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಘಾಟಿ ಇಳಿಸಿದೆ!

ಜಿನುಗು ಮಳೆ. ಮೊದಲ ತಿರುವಿನಿಂದಲೇ ಎರಡೂ ಬ್ರೇಕು ಬಿಗಿಯಾಗಿ ಹಿಡಿದಿದ್ದೆ. ನೆನೆದ ರಿಮ್ಮಿನ ಮೇಲೆ ಸವೆದ ರಬ್ಬರು ಎಷ್ಟು ಹಿಡಿದೀತು? ಒಂಬತ್ತನೆಯ ತಿರುವಿನಲ್ಲಿ ಹೆದರಿ ಇನ್ನಷ್ಟು ಒತ್ತಿದೆ. ಮುಂದಿನ ಚಕ್ರ ಜಾರಿತು. ನನಗೆ ತರಚು ಗಾಯ. ಅವನ ಮೊಣಕಾಲು ಸೈಕಲ್ಲಿಗೂ ಕಟ್ಟೆಗೂ ನಡುವೆ ಸಿಕ್ಕಿಕೊಂಡಿತು.

ಎರಡು ಆಪರೇಷನ್ ಆಯಿತು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ನಾನೂ ಕೂರಲಿಲ್ಲ. 'ಗೆಳೆಯನಿಗಾಗಿ ಕಾಲೇಜು ಬಿಟ್ಟೆ' ಎಂದು ಬಹಳ ಜನರ ಹತ್ತಿರ ಡೈಲಾಗ್ ಹೊಡೆದಿದ್ದೇನೆ. ಸುಳ್ಳು. ಕ್ಲಾಸಿನಲ್ಲಿ ಅವನ ಖಾಲಿ ಜಾಗ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ. ಈಗ ಅವನು ಭದ್ರಾವತಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸ್ವಲ್ಪ ಕುಂಟುತ್ತಾನೆ. ಭೇಟಿಯಾಗುತ್ತೇವೆ, ಟೀ ಕುಡಿಯುತ್ತೇವೆ, ಸಿನಿಮಾ ಮಾತಾಡುತ್ತೇವೆ. ಘಾಟಿಯ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಆಲ್ಪ್ಸ್‌ನಿಂದ ಬಂದವನ ಕಥೆ

ಬೆಳಗಿನ ಜಾವ ಐದಕ್ಕೆ ಟಾಟಾ ಏಸ್‌ಗೆ ಸೈಕಲ್ ತುಂಬಿದೆವು. ಸೈಕಲ್ಲಿನ ಜೊತೆಗೆ ನಾವೂ ಒತ್ತಿಕೊಂಡು ಕೂತೆವು. ಮೂವರು ಎಂಜಿನಿಯರಿಂಗ್ ಹುಡುಗರು, ಜೊತೆಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ನಮ್ಮೂರಿನ ಒಬ್ಬ, ರಜಕ್ಕೆ ಬಂದವನು. ಪಿಯುಸಿ ಮುಗಿಸದ ನನ್ನನ್ನು ಎಂಜಿನಿಯರಿಂಗ್ ಹುಡುಗರು 'ಸಾರ್' ಎಂದು ಕರೆಯುತ್ತಿದ್ದರು. ಪತ್ರಿಕೆಯವನಲ್ಲವೇ!

ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಷ್ಟು ಹೊತ್ತೂ ಮ್ಯೂನಿಕ್‌ನವನ ಮಾತೇ ಮಾತು. ಹೋದ ಬೇಸಿಗೆಯಲ್ಲಿ ಅವನು ಆಲ್ಪ್ಸ್ ಪರ್ವತದಲ್ಲಿ ಒಂದು ವಾರ 'ಎಂಡ್ಯೂರೋ' ಸೈಕಲ್ ಪ್ರವಾಸ ಮಾಡಿ ಬಂದಿದ್ದನಂತೆ. ಆಲ್ಪ್ಸ್ ನಿಮಗೂ ಗೊತ್ತು. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ನೋಡಿದವರಿಗೆ ಸ್ವಿಟ್ಜರ್ಲೆಂಡಿನ ಆ ಹಸಿರು ಇಳಿಜಾರು ಹೊಸದೇ? ಅಲ್ಲಿನ ಇಂಟರ್‌ಲಾಕೆನ್ ಊರಿನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮ ಹೀರೋಗಳು ಹಾಡಿಗೆ ಕುಣಿದ ಅಂಥ ಇಳಿಜಾರುಗಳಲ್ಲೇ ಈ ಜನ ಸೈಕಲ್ ಇಳಿಸುತ್ತಾರೆ!

ಎಂಡ್ಯೂರೋ ಪಂದ್ಯದ ನಿಯಮ ಕೇಳಿ ನನಗೆ ತಮಾಷೆ ಅನಿಸಿತು. ಹತ್ತುವಾಗಿನ ಹೊತ್ತು ಸಾಮಾನ್ಯವಾಗಿ ಫಲಿತಾಂಶದ ಲೆಕ್ಕಕ್ಕೆ ಸೇರುವುದಿಲ್ಲ. ಇಳಿಯುವಾಗ ಮಾತ್ರ ಸೆಕೆಂಡು ಸೆಕೆಂಡಿಗೂ ಲೆಕ್ಕ. 2013ರಲ್ಲಿ ಇದಕ್ಕೆಂದೇ ವಿಶ್ವ ಸರಣಿ ಶುರುವಾಯಿತು, 2023ರಿಂದ ಅದು ವಿಶ್ವಕಪ್ಪೇ ಆಗಿದೆ. ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನಲ್ಲಿ 1995ರಿಂದ 'ಮೆಗಾವಲಾಂಚ್' ಎಂಬ ಇನ್ನೊಂದು ಪಂದ್ಯವಿದೆ. 3,300 ಮೀಟರ್ ಎತ್ತರದ ಹಿಮದ ಮೇಲಿಂದ ನೂರಾರು ಜನ ಒಟ್ಟಿಗೆ ಸೈಕಲ್ ಬಿಡುತ್ತಾರಂತೆ. ಅಬ್ಬಾ!

ಪ್ರವಾಸಕ್ಕೆ ಹೋದವರಿಗೆ ಪಂದ್ಯವಿಲ್ಲ. ಕೇಬಲ್ ಕಾರಿನಲ್ಲಿ ಸೈಕಲ್ ಸಮೇತ ಮೇಲಕ್ಕೆ ಹೋಗುವುದು, ಗೈಡ್ ಹಿಂದೆ ಇಳಿಯುವುದು, ರಾತ್ರಿ ಬೆಟ್ಟದ ಮನೆಯಲ್ಲಿ ಮಲಗುವುದು. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಹಿಮ ಕರಗಿರುತ್ತದೆ, ಅದೇ ಸೀಸನ್. ನಮ್ಮಲ್ಲಿ ಸರಿಯಾಗಿ ತಿರುಗುಮುರುಗು! ಅದೇ ತಿಂಗಳುಗಳಲ್ಲಿ ಆಗುಂಬೆಯಲ್ಲಿ ಆಕಾಶವೇ ಸುರಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಆಗ ಅಲ್ಲಿ ಸೈಕಲ್ ಇಳಿಸುವವನಿಗೆ ಹುಚ್ಚು ಹಿಡಿದಿರಬೇಕು, ಇಲ್ಲವೇ ಹದಿನೇಳು ವರ್ಷ ವಯಸ್ಸಾಗಿರಬೇಕು.

"ನಮ್ ಕೇಬಲ್ ಕಾರ್ ಇದೇ ಕಣ್ರೋ" ಎಂದು ಅಣ್ಣ ಟಾಟಾ ಏಸ್‌ನ ಬಾಗಿಲು ತಟ್ಟಿದರು.

ಮಣ್ಣಿನ ಪಾಠ

ತೀರ್ಥಹಳ್ಳಿಯಲ್ಲಿ ಇಡ್ಲಿ ತಿಂದು ಸೈಕಲ್ ಹತ್ತಿದೆವು. ಆಗುಂಬೆಗೆ ಅಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ಅಣ್ಣನ ಪರಿಚಯದವರ ಅಡಿಕೆ ತೋಟ. ಪಕ್ಕದಲ್ಲಿ ಕೆಮ್ಮಣ್ಣಿನ ಇಳಿಜಾರು. ಮನೆಯವರ ಒಪ್ಪಿಗೆ ಪಡೆದು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಘಾಟಿಯ ಸುತ್ತಲಿನದು ಸೋಮೇಶ್ವರ ವನ್ಯಜೀವಿಧಾಮ. ಅನುಮತಿ ಇಲ್ಲದೆ ಕಾಡಿನ ಕಾಲುದಾರಿಗೆ ಚಕ್ರ ಇಳಿಸುವಂತಿಲ್ಲ. ಅದಕ್ಕೇ ಮಣ್ಣಿನ ಪಾಠ ತೋಟದಲ್ಲಿ, ಪರೀಕ್ಷೆ ಟಾರು ರಸ್ತೆಯಲ್ಲಿ.

ಅಣ್ಣ ಮೊದಲು ಸೀಟು ಕೆಳಗಿಳಿಸಿದರು. ಆಮೇಲೆ ಎರಡು ಪೆಡಲೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿದರು. "ಭಾರ ಕಾಲ್ ಮೇಲಿರ್ಲಿ, ಕೈ ಮೇಲಲ್ಲ. ಕಣ್ಣು ಚಕ್ರದ ಮುಂದೆ ಇಡಬೇಡ, ತಿರುವು ಎಲ್ಲಿ ಮುಗಿಯುತ್ತೋ ಅಲ್ಲಿಡು. ಬ್ರೇಕು ತಿರುವಿಗಿಂತ ಮೊದ್ಲೇ ಹಿಡಿ. ತಿರುವಿನೊಳಗೆ ಬಿಡು."

"ಬಿಡೋದಾ?" ಅಂದೆ. ಗಂಟಲು ಒಣಗಿತು.

"ಹೂಂ ಮಾರಾಯ, ಬಿಡೋದೇ. ವಾಲಿದ ಚಕ್ರಕ್ಕೆ ತಿರುಗೋದೇ ಕೆಲಸ. ಅದರ ಮೇಲೆ ನಿಲ್ಲೋ ಕೆಲಸವನ್ನೂ ಹೊರಿಸಿದ್ರೆ ಜಾರುತ್ತೆ."

ಅಲ್ಲೇ ಕೂತುಬಿಟ್ಟೆ. ಹತ್ತು ವರ್ಷ ನಾನು ಹಣೆಬರಹ ಎಂದುಕೊಂಡಿದ್ದಕ್ಕೆ ಎರಡು ಸಾಲಿನ ಕಾರಣ ಇತ್ತು! ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸಿನಿಮಾ ನಮಗೆ ಧೈರ್ಯ ಕಲಿಸಿತ್ತು, ಬ್ರೇಕು ಕಲಿಸಿರಲಿಲ್ಲ.

ಸಂಜೆ ಆಗುಂಬೆ. 1980ರ ದಶಕದಲ್ಲಿ ಮಾಸ್ಟರ್ ಮಂಜುನಾಥ್ 'ಸ್ವಾಮಿ'ಯಾಗಿ ಓಡಾಡಿದ ದೊಡ್ಡಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಸೂರ್ಯಾಸ್ತದ ಕಟ್ಟೆಯಲ್ಲಿ ಜನವೋ ಜನ. ರಾಜಣ್ಣನವರ 'ಆಕಸ್ಮಿಕ'ದಲ್ಲಿ (1993) ಆಗುಂಬೆಯ ಸಂಜೆಯ ಮೇಲೆ ಒಂದು ಹಾಡೇ ಇದೆಯಲ್ಲ. ಪಕ್ಕದಲ್ಲಿ ನಾಲ್ಕು ಜನ ಅದನ್ನೇ ಹಾಡುತ್ತಿದ್ದರು. ನಾನು ಮಾತ್ರ ಸೂರ್ಯನನ್ನು ಬಿಟ್ಟು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದೆ. ರಾತ್ರಿ ಅಣ್ಣನಿಗೆ ಎಲ್ಲಾ ಹೇಳಿದೆ. ಕೇಳಿಸಿಕೊಂಡರು. "ನಾಳೆ ನನ್ ಹಿಂದೇನೇ ಇರು" ಅಂದರು, ಅಷ್ಟೇ.

ಹದಿನಾಲ್ಕು ತಿರುವು

ಬೆಳಿಗ್ಗೆ ಆರೂವರೆಗೆ, ಗಾಡಿಗಳ ಗಲಾಟೆ ಶುರುವಾಗುವ ಮೊದಲು, ತಲೆಗೆ ಹೆಲ್ಮೆಟ್ ಕಟ್ಟಿ ಹೊರಟೆವು. ಆಗುಂಬೆ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ. ಆಲ್ಪ್ಸ್ ಮುಂದೆ ಇದು ಮಗು. ಆದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಒಂದರ ಮೇಲೊಂದು ಮಡಚಿಕೊಂಡಿವೆ. ರಸ್ತೆ ಕಿರಿದು, ಕೆಳಗಿನಿಂದ ಯಾವ ಬಸ್ಸು ಬರುತ್ತದೋ ಕಾಣುವುದಿಲ್ಲ.

ಅಣ್ಣ ಮೂರು ನಾಲ್ಕು ತಿರುವಿಗೊಮ್ಮೆ ಎಲ್ಲರನ್ನೂ ಬದಿಗೆ ನಿಲ್ಲಿಸುತ್ತಿದ್ದರು. ಬ್ರೇಕಿನ ಡಿಸ್ಕ್ ತಣ್ಣಗಾಗಬೇಕು, ತಲೆಯೂ ತಣ್ಣಗಾಗಬೇಕು. "ಅಲ್ಲಿಯ ಗೈಡ್ ಕೂಡ ಹೀಗೇ ನಿಲ್ಲಿಸ್ತಿದ್ದ" ಅಂದ ಮ್ಯೂನಿಕ್‌ನವನು. ಒಬ್ಬ ಹುಡುಗ ಮುಂದೆ ನುಗ್ಗಲು ಹೋದಾಗ ಅಣ್ಣನ ಬಾಯಿಂದ ಬಂದ ಮಾತನ್ನು ಸಂಪಾದಕರು ಅಚ್ಚು ಹಾಕಲಾರರು.

ಎಂಟು ತಿರುವು ಆಯಿತು. ಒಂಬತ್ತನೆಯದರ ಮುಂದೆ ನನ್ನ ಕಾಲು ತಾನಾಗಿ ನೆಲಕ್ಕೆ ಊರಿತು. ಅದೇ ಕಟ್ಟೆ. ಪಾಚಿ ಬೆಳೆದಿತ್ತು. ಉಳಿದವರು ಇಳಿದು ಹೋದರು. ಅಣ್ಣ ವಾಪಸ್ ಸೈಕಲ್ ತಳ್ಳಿಕೊಂಡು ಮೇಲೆ ಬಂದರು.

"ಇಲ್ಲೇನಾ?"

"ಹೂಂ ಅಣ್ಣ."

"ಗಾಡಿ ಹತ್ತಿ ಇಳಿದ್ರೂ ನಾಚಿಕೆ ಏನಿಲ್ಲ. ಗೈಡ್ ಇರೋದೇ ಅದನ್ನ ಹೇಳೋಕೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಳೀತೀನಿ ಅಂದ್ರೆ, ಆ ಬಿಳೀ ಗೆರೆ ಹತ್ರ ಹಿಡಿ, ಮರದ ಹತ್ರ ಬಿಡು."

ಬಿಳಿ ಗೆರೆ. ಹಿಡಿದೆ. ಮರ. ಬೆರಳುಗಳಿಗೆ ಬಿಡಲು ಮನಸ್ಸೇ ಇರಲಿಲ್ಲ, ಆದರೂ ಬಿಟ್ಟೆ. ಸೈಕಲ್ ವಾಲಿತು, ತಿರುಗಿತು, ನೇರವಾಯಿತು. ಹಿನ್ನೆಲೆ ಸಂಗೀತ ಇಲ್ಲ, ಸ್ಲೋ ಮೋಷನ್ ಇಲ್ಲ. ಒಂದು ಮಂಗ ನೋಡುತ್ತಿತ್ತು, ಅಷ್ಟೇ.

ಸೋಮೇಶ್ವರದಲ್ಲಿ ಗೋಳಿಬಜೆ, ಟೀ. ನಮ್ಮ ಗಾಡಿ ಇನ್ನೂ ಬಂದಿರಲಿಲ್ಲ. ಭದ್ರಾವತಿಗೆ ಫೋನ್ ಮಾಡಿದೆ. "ಎಲ್ಲಿದ್ದೀಯೋ?" ಅಂದ. "ಸೋಮೇಶ್ವರ. ಸೈಕಲ್‌ನಲ್ಲಿ ಇಳಿದೆ" ಅಂದೆ. ಆ ಕಡೆ ಮಾತಿಲ್ಲ. ಅಂಗಡಿಯ ಮುಂದೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು.

"ಬ್ರೇಕ್ ಹಿಡೀತಾ?" ಅಂದ.

"ಬಿಡಬೇಕಂತೆ ಕಣೋ, ತಿರುವಿನಲ್ಲಿ. ನನಗೆ ಗೊತ್ತಿರ್ಲಿಲ್ಲ."

"ನನಗೆ ಮಾತ್ರ ಗೊತ್ತಿತ್ತಾ?" ಅಂದು ನಕ್ಕ. ಆಮೇಲೆ ಆ ದಿನದ ಬಗ್ಗೆ ಮೊದಲ ಸಲ ಮಾತಾಡಿದೆವು. ಟೀ ಆರಿ ತಣ್ಣಗಾಯಿತು.

ನೀವು ಘಟ್ಟ ಇಳಿಯುವವರಾದರೆ ಬಲ್ಲವರೊಬ್ಬರನ್ನು ಮುಂದೆ ಬಿಟ್ಟುಕೊಂಡು ಇಳಿಯಿರಿ, ಮಿತ್ರರೇ. ಮುಂದಿನ ಸಲ ಟಾಟಾ ಏಸ್‌ನಲ್ಲಿ ನನ್ನ ಗೆಳೆಯನೂ ಬರುತ್ತಾನಂತೆ. ಸೈಕಲ್ ಹತ್ತುವುದಿಲ್ಲವಂತೆ, ಸೋಮೇಶ್ವರದಲ್ಲಿ ಟೀ ಹೇಳಿ ಕಾಯುತ್ತಾನಂತೆ.