ಹನ್ನೆರಡನೆಯ ಆಟಗಾರ

ಅಮೆರಿಕನ್ ಫುಟ್‌ಬಾಲಿನಲ್ಲಿ ಪಕ್ಷವೊಂದಕ್ಕೆ 11 ಮಂದಿ. ಒಂದೊಂದು ಸರದಿ ಮುಗಿದಾಗಲೂ ಎಷ್ಟು ಜನರನ್ನಾದರೂ ಬದಲಿಸಬಹುದು. ಚೆಂಡುಳ್ಳ ಪಕ್ಷವು ಹಾಗೆ ಬದಲಿಸಿದರೆ ತೀರ್ಪುಗಾರನೊಬ್ಬನು ಚೆಂಡಿನ ಬಳಿಯೇ ನಿಂತು, ಎದುರಾಳಿಗೂ ಅದೇ ಅವಕಾಶ ದೊರೆಯುವವರೆಗೆ ಆಟವನ್ನು ತಡೆಯುತ್ತಾನೆ. ಎಣಿಕೆ ಮೀರಿದರೆ 5 ಗಜ ದಂಡ. ಬದಲಾವಣೆಯ ನೆಪದಿಂದ ವಂಚಿಸಿದರೆ 15 ಗಜ. ಪ್ರಮಾದಕ್ಕೂ ಮಾಯಾಕಷಾಯಕ್ಕೂ ಇರುವ ಅಂತರವನ್ನು ಆ ನಿಯಮಕಾರರೂ ಬಲ್ಲರೆಂದು ನನಗೆ ಸಂತೋಷವಾಯಿತು.

ಆದರೆ 2024ರ ಅಕ್ಟೋಬರ್ 12ರಂದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧ ಆರೆಗನ್ ತಂಡವು 32-31ರಿಂದ ಮುಂದಿತ್ತು. ಉಳಿದದ್ದು 10 ಸೆಕೆಂಡು. ಆರೆಗನ್ನಿನ ರಕ್ಷಣೆಗೆ 12 ಮಂದಿ ನಿಂತರು. ತೀರ್ಪುಗಾರರು 5 ಗಜ ದಂಡ ವಿಧಿಸಿದರು. ಕಳೆದ 4 ಸೆಕೆಂಡುಗಳನ್ನು ಮರಳಿಸಲು ನಿಯಮವಿರಲಿಲ್ಲ. ಆರೆಗನ್ ಗೆದ್ದಿತು. ಇದು ಮೊದಲೇ ಅಭ್ಯಾಸ ಮಾಡಿದ್ದೆಂದು ತರಬೇತುದಾರ ಡ್ಯಾನ್ ಲ್ಯಾನಿಂಗ್ ಬಳಿಕ ಸೂಚಿಸಿದರು. ಹಲವರು ಆ ಜಾಣ್ಮೆಯನ್ನು ಮೆಚ್ಚಿದರು.

ನಾನು ಮೆಚ್ಚಲಾರೆ. ದಂಡವನ್ನು ಖರ್ಚಿನ ಬಾಬಿಗೆ ಬರೆದು ನಿಶ್ಚಿಂತರಾಗುವವರನ್ನು ಪೇಟೆಯಲ್ಲಿ ಬಹಳ ಕಂಡಿದ್ದೇನೆ. (ಆದಾಯ ತೆರಿಗೆಯವರು ಮಾತ್ರ ಆ ಖರ್ಚನ್ನು ಒಪ್ಪುವುದಿಲ್ಲ!) ಅವರಿಗೆ ದಂಡವೆಂಬುದು ತಪ್ಪಿನ ಬೆಲೆ, ಲಾಭ ಅದಕ್ಕಿಂತ ಹೆಚ್ಚಾದರೆ ವ್ಯಾಪಾರ ಕುದುರಿತು. ನಮ್ಮ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತದ ಮೊದಲ ಭೇದ ಆಲೋಚನೆ, ಅಂದರೆ ಗುರುವಿನೆದುರು ದೋಷವನ್ನು ಮರೆಮಾಚದೆ ನಿವೇದಿಸುವುದು. ತೆರುವ ಮಾತು ಅಲ್ಲಿ ಮೊದಲು ಬರುವುದಿಲ್ಲ. ದೋಷವನ್ನು ಯುಕ್ತಿಯೆಂದು ಹೇಳಿಕೊಂಡವನು ಎಷ್ಟು ಗಜ ತೆತ್ತರೇನು?

ಕೆಲವೇ ದಿನಗಳಲ್ಲಿ ನಿಯಮಕಾರರು, ಕೊನೆಯ 2 ನಿಮಿಷಗಳಲ್ಲಿ ಹೀಗಾದರೆ ಅನ್ಯಾಯಕ್ಕೊಳಗಾದ ಪಕ್ಷವು ಕಳೆದ ಸಮಯವನ್ನು ಮರಳಿ ಕೇಳಬಹುದೆಂದು ಆದೇಶಿಸಿದರು. ಆ ಪಂದ್ಯದ ಫಲಿತಾಂಶ ಮಾತ್ರ ಬದಲಾಗಲಿಲ್ಲ.