ವ್ಯಸನಿಯ ಸಖ್ಯ

ದುಶ್ಚಟಕ್ಕೆ ಬಲಿಯಾದವನ ಯಾತನೆಯನ್ನು ಕುರಿತು ಹೇಳುವವರು ಬಹಳ. ಅವನ ಪಕ್ಕದಲ್ಲಿದ್ದು ಅದನ್ನು ಕಣ್ಣಾರೆ ಕಂಡ ಗೆಳೆಯನ ಪಾಡನ್ನು ನೆನೆಯುವವರು ವಿರಳ. ಇಂಗ್ಲೆಂಡಿನ ಕವಿಗಳಾದ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಇವರ ಸಖ್ಯದಲ್ಲಿ ಈ ಎರಡನೆಯ ಪಾಡು ಎದ್ದು ಕಾಣುತ್ತದೆ.

1798ರಲ್ಲಿ ಇಬ್ಬರೂ ಕೂಡಿ ‘ಲಿರಿಕಲ್ ಬ್ಯಾಲಡ್ಸ್’ ಎಂಬ ಕವನ ಸಂಕಲನವನ್ನು ಹೊರತಂದರು. ವರ್ಡ್ಸ್‌ವರ್ತ್ ತನ್ನ ಬಾಳಕಥೆಯನ್ನೇ ದೀರ್ಘ ಕಾವ್ಯವಾಗಿಸಿ, ಅದನ್ನು ಈ ಗೆಳೆಯನನ್ನು ಉದ್ದೇಶಿಸಿಯೇ ಬರೆದನು. ಅಂಥ ಗೆಳೆಯನು ಮೈಬೇನೆಗೆಂದು ಹಿಡಿದ ಲಾಡನಮ್, ಎಂದರೆ ಮದ್ಯದಲ್ಲಿ ಕರಗಿಸಿದ ಅಫೀಮು, ಕೊನೆಗೆ ಅವನನ್ನೇ ಹಿಡಿಯಿತು. ಅಂದು ಅದು ಅಂಗಡಿಗಳಲ್ಲಿ ಸಲೀಸಾಗಿ ದೊರೆಯುತ್ತಿದ್ದ ಔಷಧಿ. ಅದರ ಮಾರಾಟಕ್ಕೆ ಅಲ್ಲಿ ಕಾನೂನಿನ ಕಟ್ಟು ಬಿದ್ದದ್ದು 1868ರಲ್ಲಿ.

1804ರಲ್ಲಿ ಆರೋಗ್ಯವನ್ನರಸಿ ಮಾಲ್ಟಾ ದ್ವೀಪಕ್ಕೆ ತೆರಳಿದ ಕೋಲ್‌ರಿಜ್ 1806ರಲ್ಲಿ ಮರಳಿದನು. ಅವನನ್ನು ಕಂಡೊಡನೆ ವರ್ಡ್ಸ್‌ವರ್ತ್‌ನ ತಂಗಿ ಡೊರೊತಿಗೆ ಆಘಾತವಾಯಿತು. ಊದಿದ ಆ ಶರೀರದಲ್ಲಿ ಹಳೆಯ ಗೆಳೆಯನ ಗುರುತೇ ಇರಲಿಲ್ಲ. ಆದರೂ ಅವರು ಕೈಬಿಡಲಿಲ್ಲ, ಗ್ರಾಸ್ಮಿಯರ್‌ನ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. 1809ರಲ್ಲಿ ಅವನು ಅಲ್ಲಿಂದ ಒಂದು ಪತ್ರಿಕೆಯನ್ನು ಆರಂಭಿಸಿದನು. ವರ್ಡ್ಸ್‌ವರ್ತ್‌ನ ನಾದಿನಿ ಸಾರಾ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಪತ್ರಿಕೆಯ ಹೆಸರು ‘ಗೆಳೆಯ’! ಮರುವರ್ಷ ಮಾರ್ಚಿನಲ್ಲಿ ಅದೂ ನಿಂತಿತು. ಇನ್ನು ಅವನಲ್ಲಿ ಭರವಸೆಯಿಲ್ಲವೆಂದು ಡೊರೊತಿ ತನ್ನ ಗೆಳತಿಗೆ ಪತ್ರ ಬರೆದಳು.

ಸಖ್ಯ ಮುರಿದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಮಾಂಟಗು ಎಂಬ ಪರಿಚಿತನು ಕೋಲ್‌ರಿಜ್‌ನನ್ನು ಲಂಡನ್ನಿನ ತನ್ನ ಮನೆಗೆ ಕರೆದೊಯ್ಯಲು ಮುಂದಾದಾಗ, ಅವನ ಚಟಗಳನ್ನು ತಾಳುವುದು ಕಷ್ಟವೆಂದು ವರ್ಡ್ಸ್‌ವರ್ತ್ ಗುಟ್ಟಾಗಿ ಎಚ್ಚರಿಸಿದನು. ಮಾಂಟಗು ಅದನ್ನು ಕೋಲ್‌ರಿಜ್‌ನ ಎದುರಿಗೇ ಆಡಿಬಿಟ್ಟನು. ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ, ವರ್ಷಗಟ್ಟಲೆ ಸಹಿಸಿದವನ ಬಳಲಿಕೆಯಿತ್ತು. ಕೇಳಿದವನಿಗೆ ಮಾತ್ರ ಅದು ದ್ರೋಹವಾಗಿ ತೋರಿತು. ವ್ಯಸನಿಯ ಕಿವಿಗೆ ನಿಜವು ಬಳಸುದಾರಿಯಿಂದ ತಲಪಿದರೆ ಆಗುವುದೇ ಹೀಗೆ. 1812ರಲ್ಲಿ ಹಿತೈಷಿಯೊಬ್ಬರು ನಡುವೆ ಬಂದು ರಾಜಿ ಮಾಡಿಸಿದರು. ಮಾತು ಮರಳಿತು, ಮೊದಲಿನ ಸಲುಗೆ ಮರಳಲಿಲ್ಲ.

ಕೋಲ್‌ರಿಜ್‌ನಿಗೆ ಅರಿವಿನ ಕೊರತೆಯಿತ್ತೆನ್ನುವಂತಿಲ್ಲ. ತಾನು ದಾಸನಾದೆನೆಂಬುದನ್ನು ಅವನಷ್ಟು ಸ್ಪಷ್ಟವಾಗಿ ಬಲ್ಲವರಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳೆಂದು 1814ರಲ್ಲಿ ಬುದ್ಧಿ ಹೇಳಿದ ಹಳೆಯ ಪ್ರಕಾಶಕನಿಗೆ, ಆ ಮನಸ್ಸಿಗೇ ಲಕ್ವ ಹೊಡೆದಿದೆಯೆಂಬ ಅರ್ಥದ ಉತ್ತರ ಕೊಟ್ಟನು. ಅರಿವು ಆಚಾರಕ್ಕೆ ಇಳಿಯದಿರುವ ನರಕವೆಂದರೆ ಇದೇ.

1816ರಲ್ಲಿ ಹೈಗೇಟ್‌ನ ವೈದ್ಯ ಗಿಲ್ಮನ್ ಅವನನ್ನು ತನ್ನ ಮನೆಗೆ ಸೇರಿಸಿಕೊಂಡನು. ವರ್ಡ್ಸ್‌ವರ್ತ್ ಗೆಳೆಯನಿಂದ ಮಹಾಕೃತಿಯೊಂದನ್ನು ನಿರೀಕ್ಷಿಸಿದ್ದನು, ಹೀಗಾಗಿ ಪ್ರತಿ ದಿನವೂ ಅವನಿಗೆ ಸೋಲಾಗಿತ್ತು. ವೈದ್ಯನ ಕೈಯಲ್ಲಿದ್ದುದು ಆ ದಿನದ ಅಳತೆಯೊಂದೇ. ಅದಕ್ಕೂ ಮಿಕ್ಕು ಕೋಲ್‌ರಿಜ್ ಕದ್ದು ತರಿಸಿಕೊಳ್ಳುತ್ತಿದ್ದನು. ಅಫೀಮು ಪೂರ್ತಿ ಬಿಡಲೇ ಇಲ್ಲ. ಆದರೂ 1834ರಲ್ಲಿ ಕಣ್ಣುಮುಚ್ಚುವವರೆಗೆ, 18 ವರ್ಷ, ಆ ಮನೆಯಲ್ಲೇ ಬಾಳಿದನು.

ನಡುವೆ, 1828ರ ಬೇಸಿಗೆಯಲ್ಲಿ, ವಯಸ್ಸಾದ ಗೆಳೆಯರಿಬ್ಬರೂ ವರ್ಡ್ಸ್‌ವರ್ತ್‌ನ ಮಗಳು ಡೋರಾಳೊಡನೆ ರೈನ್ ನದಿಯ ಸೀಮೆಯಲ್ಲಿ ಸಂಚರಿಸಿ ಬಂದರು.